ಅಡಿಕೆ ವಖಾರಿಯ ಟ್ಯಾಲಿಗೆ ಏಜೆಂಟ್ ಜೋಡಿಸಿದ ಕಥೆ

"ಎಂಗಳ ಗುಮಾಸ್ತಂಗೇ ಈ ಲೆಡ್ಜರಿನ ತಲೆಬುಡ ಗೊತ್ತಾಗ್ತಿಲ್ಲೆ, ನಿನ್ನ ಎಐಗೆ ಎಂತ ಗೊತ್ತಾಗ್ತು ಮಾರಾಯಾ?" ಶಿರಸಿಯ ಅಡಿಕೆ ವಖಾರಿಯ ಯಜಮಾನರು ಹೋದ ಮಳೆಗಾಲದಲ್ಲಿ ಕೇಳಿದ್ದು. ಕುಮಟೆಯಲ್ಲಿ ಲೆಕ್ಕಪತ್ರ ನೋಡುವ ನನ್ನ ಭಾವನದೂ ಅದೇ ರಾಗ. ಅವರ ಲೆಕ್ಕವೆಲ್ಲ ಇರುವ ಟ್ಯಾಲಿ ಎಂಬ ಸಾಫ್ಟ್‌ವೇರಿಗೆ ನಾನೊಂದು ಏಜೆಂಟ್ ಜೋಡಿಸಿದೆ; ಏಜೆಂಟ್ ಎಂದರೆ ಕೇಳಿದ್ದಕ್ಕೆ ತಾನೇ ಲೆಕ್ಕ ಹುಡುಕಿ ಹೇಳುವ ಎಐ. ಈಗ ಯಜಮಾನರೇ ಮೊಬೈಲಿನಲ್ಲಿ, ಈ ವಾರ ಚಾಲಿ (ಒಣಗಿಸಿ ಸುಲಿದ ಅಡಿಕೆ) ದುಡ್ಡು ಯಾರ್ಯಾರಿಗೆ ಬಾಕಿ ಎಂದು ಕನ್ನಡದಲ್ಲೇ ಕೇಳುತ್ತಾರೆ. ಉತ್ತರ ಸರಿಯಾಗಿಯೇ ಬರುತ್ತದೆ. ಹಾಗಾಗಿ ಇದನ್ನು ಬರೆಯುವ ಧೈರ್ಯ ಬಂತು.

ಟ್ಯಾಲಿಯನ್ನೂ ಏಜೆಂಟನ್ನೂ ಬೆಸೆಯುವ ಕನೆಕ್ಟರಿನ ಕೋಡು ದೊಡ್ಡ ಮಾತಲ್ಲ. ಟ್ಯಾಲಿ 9000ನೇ ಪೋರ್ಟಿನಲ್ಲಿ ಎಕ್ಸ್‌ಎಂಎಲ್ ರೂಪದಲ್ಲಿ ಮಾಹಿತಿ ಕೊಡುತ್ತದೆ, ತೆಗೆದುಕೊಳ್ಳುತ್ತದೆ. ಅದರ ಮೇಲೊಂದು ಎಂಸಿಪಿ ಸರ್ವರ್ (ಎಐಗೆ ಹೊರಗಿನ ಸಾಫ್ಟ್‌ವೇರ್ ಬಳಸಲು ಕೊಡುವ ಸೇತುವೆ) ಕೂರಿಸಿದೆ. ಒಂದು ವಾರದ ಕೆಲಸ. ಉಳಿದ ನಾಲ್ಕು ತಿಂಗಳು ತಿಂದಿದ್ದು ಪ್ರತಿ ಟೂಲಿನ (ಏಜೆಂಟ್ ಕರೆದು ಮಾಡಿಸಿಕೊಳ್ಳುವ ಒಂದೊಂದು ಕೆಲಸ) ಜೊತೆ ಬರೆಯುವ ನಾಲ್ಕು ಸಾಲಿನ ವಿವರಣೆ. ಅದನ್ನು ಓದಿಯೇ ಏಜೆಂಟ್ ಯಾವ ಟೂಲು ಕರೆಯಬೇಕು ಎಂದು ತೀರ್ಮಾನಿಸುವುದು.

ಮೊದಲು 34 ಟೂಲು ಮಾಡಿಟ್ಟಿದ್ದೆ. ವಿವರಣೆ ಎಂದರೆ "ಲೆಡ್ಜರ್ ವಿವರ ಕೊಡುತ್ತದೆ" ಅಷ್ಟೇ. ಏಜೆಂಟ್ ಒಂದು ಪ್ರಶ್ನೆಗೆ ಐದಾರು ಟೂಲು ಕರೆದು, ಬಂದಿದ್ದನ್ನೆಲ್ಲ ಓದಿ, ಕೊನೆಗೆ ತಪ್ಪು ಹೇಳುತ್ತಿತ್ತು. ಮೊದಲ ತಿಂಗಳ ಎಪಿಐ ಬಿಲ್ಲು (ಎಐ ಬಳಸಿದ್ದಕ್ಕೆ ಕಟ್ಟುವ ದುಡ್ಡು) ಆರೂವರೆ ಸಾವಿರದ ಹತ್ತಿರ, ನನ್ನದೇ ಜೇಬಿನಿಂದ. ಈಗ ಉಳಿದಿರುವುದು ಒಂಬತ್ತೇ ಟೂಲು, ಬಿಲ್ಲು ಎರಡು ಸಾವಿರ ದಾಟುವುದಿಲ್ಲ.

ಮಾನ ಹೋಗುವಂಥ ಪ್ರಸಂಗ ಒಂದಿದೆ. ಬೆಳೆಗಾರರೊಬ್ಬರು 45 ಸಾವಿರ ಮುಂಗಡ ಒಯ್ದಿದ್ದರು, ಅಡಿಕೆ ಇನ್ನೂ ತಂದಿರಲಿಲ್ಲ. ಟ್ಯಾಲಿಯ ಎಕ್ಸ್‌ಎಂಎಲ್‌ನಲ್ಲಿ ಡೆಬಿಟ್ ಮೊತ್ತಕ್ಕೆ, ಎಂದರೆ ಇಲ್ಲಿ ನಮಗೆ ಬರಬೇಕಾದ್ದಕ್ಕೆ, ಮೈನಸ್ ಚಿಹ್ನೆ. ನಮಗೆ ನಿಮಗೆ ಗೊತ್ತು, ಏಜೆಂಟಿಗೆ ಯಾರು ಹೇಳಬೇಕು? ಅದು -45000 ನೋಡಿ "ನೀವೇ ಅವರಿಗೆ 45 ಸಾವಿರ ಕೊಡಬೇಕು" ಎಂದಿತು. ಯಜಮಾನರು ಚೆಕ್ ಬರೆಯಲು ಪೆನ್ನು ತೆಗೆದಿದ್ದರು; ಗುಮಾಸ್ತ ತಡೆದ. ಆಮೇಲೆ ಒಂದು ವಾರ ನಾನು ಆ ಬೀದಿಗೇ ಹೋಗಲಿಲ್ಲ.

ಚಿಹ್ನೆಯ ಅರ್ಥವನ್ನು ವಿವರಣೆಯಲ್ಲಿ ಬರೆದೆ. ಹತ್ತರಲ್ಲಿ ಎಂಟು ಸಲ ಸರಿ. ಲೆಕ್ಕದಲ್ಲಿ ಹತ್ತಕ್ಕೆ ಎಂಟು ಎಂದರೆ ಸೊನ್ನೆ. ಕೊನೆಗೆ ಉತ್ತರದಿಂದ ಮೈನಸ್ಸನ್ನೇ ಕಿತ್ತು ಹಾಕಿ, ಮೊತ್ತದ ಪಕ್ಕ "ನಮಗೆ ಬರಬೇಕು" ಅಥವಾ "ನಾವು ಕೊಡಬೇಕು" ಎಂದು ಮಾತಿನಲ್ಲೇ ಕಳಿಸತೊಡಗಿದೆ. ಆ ರಗಳೆ ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ಹೆಸರಿನ ಪಾಡು ಗೊತ್ತಲ್ಲ. ಆ ಒಂದು ವಖಾರಿಯಲ್ಲೇ ಗಣಪತಿ ಹೆಗಡೆ ಏಳು ಜನ. ಊರು ಸೇರಿಸದೆ ಆಳು ಸಿಗುವುದಿಲ್ಲ. ಟ್ಯಾಲಿಗೆ ಹೆಸರು ಅಕ್ಷರ ಅಕ್ಷರ ಹೊಂದಬೇಕು. ಹೊಂದದಿದ್ದಾಗ ನನ್ನ ಟೂಲು ಖಾಲಿ ಪಟ್ಟಿ ಕೊಡುತ್ತಿತ್ತು, ಏಜೆಂಟ್ "ಅವರದ್ದು ಬಾಕಿ ಇಲ್ಲ" ಎಂದು ಧೈರ್ಯವಾಗಿ ಹೇಳುತ್ತಿತ್ತು. ಈಗಿನ ವಿವರಣೆ ಸುಮಾರು ಹೀಗಿದೆ: "ಬಾಕಿ ಕೇಳುವ ಮೊದಲು ಹೆಸರು ಹುಡುಕುವ ಟೂಲನ್ನೇ ಕರೆ. ಖಾಲಿ ಬಂದರೆ ಹೆಸರು ಸಿಗಲಿಲ್ಲ ಎಂದರ್ಥ, ಬಾಕಿ ಇಲ್ಲ ಎಂದಲ್ಲ. ಒಂದಕ್ಕಿಂತ ಹೆಚ್ಚು ಬಂದರೆ ನೀನೇ ಆರಿಸಬೇಡ, ಊರು ಕೇಳು." ಹೆಸರು ಹುಡುಕುವ ಆ ಟೂಲಿನೊಳಗೆ ಹೆಗಡೆ, ಹೆಗ್ಡೆಗಳನ್ನು ಹೇಗೆ ಒಂದು ಮಾಡುತ್ತೇನೆ ಎಂದು ಮಾತ್ರ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ವೋಚರ್ (ಲೆಕ್ಕದ ನಮೂದು) ಹಾಕುವ ಟೂಲಿನಲ್ಲಿ ಕರೆಂಟು ಕೈಕೊಟ್ಟಿತು. ಆಷಾಢದ ಮಳೆ, ರೂಟರ್ ಆರಿ ಹೊತ್ತುತ್ತಿತ್ತು. ನಮೂದು ಟ್ಯಾಲಿಗೆ ಹೋಗಿದೆ, ಉತ್ತರ ವಾಪಸು ಬಂದಿಲ್ಲ; ಏಜೆಂಟ್ ಮತ್ತೆ ಮತ್ತೆ ಹಾಕಿದೆ. ಒಂದೇ ಮಧ್ಯಾಹ್ನ ಹನ್ನೊಂದೋ ಹನ್ನೆರಡೋ ಜೋಡಿ ರಸೀದಿ. ಪ್ರತಿ ವೋಚರಿನ ಷರಾ ಬರೆಯುವ ಜಾಗ, ನರೇಶನ್‌ನಲ್ಲಿ ಈಗ ಒಂದು ಗುರುತಿನ ನಂಬರು ಹಾಕುತ್ತೇನೆ. ಉತ್ತರ ಬಾರದಿದ್ದರೆ ಮೊದಲು ಆ ನಂಬರನ್ನು ಹುಡುಕು, ಸಿಗದಿದ್ದರೆ ಮಾತ್ರ ಮತ್ತೆ ಹಾಕು ಎಂದು ವಿವರಣೆಯ ಮೊದಲ ಸಾಲಿನಲ್ಲೇ ಇದೆ. ಕೊನೆಯ ಸಾಲಿನಲ್ಲಿ ಇಟ್ಟಾಗ ಕೆಲವೊಮ್ಮೆ ಮರೆಯುತ್ತಿತ್ತು.

ಸಣ್ಣಪುಟ್ಟವು: "ಈ ವರ್ಷ" ಎಂದರೆ ಏಪ್ರಿಲ್ 1ರಿಂದ ಎಂದು ಬರೆಯದಿದ್ದರೆ ಜನವರಿಯಿಂದ ಎಣಿಸುತ್ತದೆ. ಕಂಪನಿಯ ಹೆಸರನ್ನು ಕಡ್ಡಾಯ ಮಾಡಿ. ಯಜಮಾನರ ತಮ್ಮನ ಸಂಸ್ಥೆಯೂ ಅದೇ ಟ್ಯಾಲಿಯಲ್ಲಿ ತೆರೆದಿತ್ತು, ಒಂದು ದಿನವಿಡೀ ಅವರ ಲೆಕ್ಕವನ್ನೇ ಇವರಿಗೆ ಒಪ್ಪಿಸಿದ್ದೆ.

ನಡುವೆ ಒಂದು ಹುಚ್ಚು. ವಿವರಣೆಗಳನ್ನೆಲ್ಲ ಕನ್ನಡದಲ್ಲೇ ಬರೆದರೆ ಹೇಗೆ? ಎರಡು ವಾರ ಓಡಿಸಿದೆ. ಏಜೆಂಟಿಗೆ ಅರ್ಥವಾಗುವುದರಲ್ಲಿ ಕೊರತೆ ಕಾಣಲಿಲ್ಲ, ಆದರೆ ಟೋಕನ್ (ಎಐ ಪಠ್ಯವನ್ನು ಒಡೆದು ಎಣಿಸುವ, ಬಿಲ್ಲಿಗೆ ಲೆಕ್ಕವಾಗುವ ತುಣುಕು) ಖರ್ಚು ಸುಮಾರು ಮೂರು ಪಟ್ಟು. ಹಾಗಾಗಿ ಮೈ ಇಂಗ್ಲಿಷಿನದು, ರಾಶಿ, ಚಾಲಿ, ಬೆಟ್ಟೆಯಂಥ ಅಡಿಕೆ ನಮೂನೆಗಳು, ದಲಾಲಿ, ಹಮಾಲಿಗಳು ಮಾತ್ರ ಕನ್ನಡ ಲಿಪಿಯಲ್ಲಿ, ಟ್ಯಾಲಿಯಲ್ಲಿ ಯಾವ ಹೆಸರಿನಲ್ಲಿವೆ ಎಂಬುದರ ಜೊತೆಗೆ.

ಪರೀಕ್ಷೆಗೆ ಗುಮಾಸ್ತನ ಹತ್ತಿರ ಕೂತು, ಯಜಮಾನರು ದಿನವೂ ಕೇಳುವ ಅರವತ್ತು ಪ್ರಶ್ನೆ ಬರೆಸಿಕೊಂಡೆ. ವಿವರಣೆಯಲ್ಲಿ ಒಂದು ಶಬ್ದ ಬದಲಾದರೂ ಅರವತ್ತನ್ನೂ ಓಡಿಸುತ್ತೇನೆ. ಸದ್ಯ 58 ಸರಿ. ಉಳಿದ ಎರಡೂ ಕೆಂಪುಗೋಟು ಎಂಬ ಅಡಿಕೆಯವು. ಸ್ಟಾಕಿನಲ್ಲಿ ಅದಕ್ಕೆ ಮೂರು ಸ್ಪೆಲ್ಲಿಂಗ್ ಇದೆ, ಬದಲಾಯಿಸಲು ಗುಮಾಸ್ತ ಒಪ್ಪುತ್ತಿಲ್ಲ. ಭಾವ ಮಾತ್ರ ಮೊನ್ನೆ ಫೋನು ಮಾಡಿ, ಕುಮಟೆಯ ತೆಂಗಿನಕಾಯಿ ವ್ಯಾಪಾರಿಯೊಬ್ಬರಿಗೆ ಇದನ್ನೇ ಕೂರಿಸಲು ಎಷ್ಟು ತಗೊಳ್ತೆ ಎಂದು ಕೇಳಿದ.