ಏರ್‌ಬ್ಯಾಗ್ ಲೈಟ್ ಆರದಿದ್ದರೆ: ಮೊದಲು ಕೋಡ್ ಕೇಳಿ, ಆಮೇಲೆ ಪಾರ್ಟ್

ಕೀ ಆನ್ ಮಾಡಿದ ತಕ್ಷಣ ಮೀಟರಿನಲ್ಲಿ ಒಂದು ಕೆಂಪು ಚಿತ್ರ ಬರುತ್ತದೆ. ಬೆಲ್ಟ್ ಹಾಕಿ ಕೂತ ಮನುಷ್ಯ, ಅವನ ಎದುರು ದುಂಡಗಿನ ಬಲೂನು. ಅದು ಕೆಲವು ಸೆಕೆಂಡ್ ಉರಿದು ತಾನಾಗೇ ಆರಬೇಕು. ಆರದೆ ಹಾಗೇ ನಿಂತರೆ ಸಿಸ್ಟಂನಲ್ಲಿ ದೋಷ ಇದೆ. ಗಾಡಿ ಓಡುವಾಗ ಮತ್ತೆ ಹತ್ತಿಕೊಂಡರೂ ಹಾಗೇ. ಕೀ ಆನ್ ಮಾಡಿದಾಗ ಹತ್ತಲೇ ಇಲ್ಲ ಅಂದರೂ ಹಾಗೇ. ಈ ಮೂರನೆಯದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಲೈಟ್ ಕಾಣದಿದ್ದರೆ ಎಲ್ಲ ಸರಿ ಇದೆ ಅಂದುಕೊಳ್ಳುತ್ತಾರೆ.

ಎಂಜಿನ್, ಬ್ರೇಕಿಗೆ ಇದರಿಂದ ಏನೂ ಆಗುವುದಿಲ್ಲ. ಗಾಡಿ ಎಂದಿನಂತೆ ಓಡುತ್ತದೆ. ಹಾಗಾಗಿಯೇ ತಿಂಗಳುಗಟ್ಟಲೆ ಮುಂದೂಡುವವರು ಇದ್ದಾರೆ. ಆದರೆ ಲೈಟ್ ಉರಿಯುತ್ತಿರುವಾಗ ಡಿಕ್ಕಿಯಾದರೆ ಏರ್‌ಬ್ಯಾಗ್ ಓಪನ್ ಆಗುತ್ತದೆ ಅಂತ ನಂಬುವ ಹಾಗಿಲ್ಲ. ಡಿಕ್ಕಿಯ ಕ್ಷಣಕ್ಕೆ ಬೆಲ್ಟನ್ನು ಬಿಗಿಯಾಗಿ ಎಳೆದು ಹಿಡಿಯುವ ಪ್ರಿಟೆನ್ಷನರ್ ಕೂಡ ಇದೇ ಸಿಸ್ಟಂಗೆ ಸೇರಿದ್ದು. ಅದೂ ಕೈಕೊಡಬಹುದು.

ನಾನು ಸಾಗರದವಳು. ಇಲ್ಲಿನ ಒಂದು ಸೊಸೈಟಿಯಲ್ಲಿ ಲೆಕ್ಕ ನೋಡುವ ಕೆಲಸ. ನಮ್ಮದು ಏಳು ವರ್ಷದ ಹ್ಯಾಚ್‌ಬ್ಯಾಕ್, ಟಾಪ್ ಮಾಡೆಲ್, ಆರು ಏರ್‌ಬ್ಯಾಗ್. ಕಳೆದ ಮಳೆಗಾಲದಲ್ಲಿ ಈ ಲೈಟ್ ಹತ್ತಿತು. ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಎಪ್ಪತ್ತು ಕಿಲೋಮೀಟರ್ ಹೋದೆವು. ಸಂಜೆಗೆ ಎಸ್ಟಿಮೇಟ್ ಕೈಗಿಟ್ಟರು. "ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ ಹೋಗಿದೆ ಮೇಡಂ, ಬದಲಿಸಲೇಬೇಕು. ಲೇಬರ್ ಸೇರಿ 24,000." ಕಂಟ್ರೋಲ್ ಯೂನಿಟ್ ಅಂದರೆ ಏರ್‌ಬ್ಯಾಗನ್ನು ನಡೆಸುವ ಕಂಪ್ಯೂಟರ್. ದೋಷ ಕಂಡಾಗ ಅದು ಒಂದು ಕೋಡ್ ಬರೆದಿಡುತ್ತದೆ, ಸ್ಕ್ಯಾನರ್ ಹಾಕಿದರೆ ಅದನ್ನು ಓದಬಹುದು. ಯಾವ ಕೋಡ್ ಬಂತು ಅಂತ ಕೇಳಿದೆ. "ಅದೆಲ್ಲ ಟೆಕ್ನಿಕಲ್ ಮೇಡಂ" ಅಂದರು. ನಾನು ದಿನವಿಡೀ ವೋಚರ್ ನೋಡುವವಳು. ಬಿಲ್ಲಿನ ಮೊತ್ತ ಇದ್ದು ಅದಕ್ಕೆ ಕಾರಣ ಇಲ್ಲದಿದ್ದರೆ ಸಹಿ ಹಾಕುವುದಿಲ್ಲ. ಗಾಡಿ ವಾಪಸ್ ತಂದೆವು.

ಆಮೇಲೆ ಪತ್ತೆಯಾಗಿದ್ದು ಸೀಟಿನ ಕೆಳಗಿನ ಒಂದು ಕನೆಕ್ಟರ್. ಆ ವಿಷಯಕ್ಕೆ ಬರುತ್ತೇನೆ. ಮೊದಲು, ಲೈಟ್ ಹತ್ತಿದ ದಿನ ನೀವೇ ಏನೇನು ನೋಡಿಕೊಳ್ಳಬಹುದು ಅಂತ ಹೇಳುತ್ತೇನೆ.

ಮೊದಲ ದಿನ

ಲೈಟ್ ಹತ್ತುವ ಮುಂಚೆ ಗಾಡಿಗೆ ಏನಾಯಿತು ಅಂತ ನೆನಪು ಮಾಡಿಕೊಂಡು ಬರೆದಿಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. ಬ್ಯಾಟರಿ ವೀಕಾಗಿ ಜಂಪ್ ಸ್ಟಾರ್ಟ್ ಮಾಡಿದ್ದಿರಾ? ವೋಲ್ಟೇಜ್ ಇಳಿದರೂ ಕೋಡ್ ಬೀಳುತ್ತದೆ. ಹಲವು ಕಾರುಗಳಲ್ಲಿ ಬ್ಯಾಟರಿ ಸರಿಹೋದ ಮೇಲೂ ಸ್ಕ್ಯಾನರ್ ಹಾಕಿ ಅಳಿಸುವ ತನಕ ಲೈಟ್ ಹೋಗುವುದಿಲ್ಲ. ಮುಂದಿನ ಬಂಪರ್ ಯಾವುದಕ್ಕಾದರೂ ತಾಗಿತ್ತಾ? ಡಿಕ್ಕಿಯ ಸೆನ್ಸರ್ ಆ ಭಾಗದಲ್ಲೇ ಇರುತ್ತದೆ. ಸೀಟು ಬಿಚ್ಚಿ ಒಳಗೆಲ್ಲ ವಾಷಿಂಗ್ ಮಾಡಿಸಿದ್ದಿರಾ? ಹೊಸ ಸೀಟ್ ಕವರ್, ಹೊಸ ಮ್ಯೂಸಿಕ್ ಸಿಸ್ಟಂ ಹಾಕಿಸಿದ್ದಿರಾ? ಗೇರ್ ಲಿವರ್ ಹತ್ತಿರ ಕಾಫಿ, ನೀರು ಚೆಲ್ಲಿತ್ತಾ? ಕಂಟ್ರೋಲ್ ಯೂನಿಟ್ ಸಾಮಾನ್ಯವಾಗಿ ಅದೇ ಜಾಗದಲ್ಲಿ, ಕನ್ಸೋಲಿನ ಕೆಳಗೆ ಕೂತಿರುತ್ತದೆ. ನಮ್ಮ ಕಡೆ ಇನ್ನೊಂದು ಕಾಟ ಇದೆ, ಇಲಿ. ಮಳೆಗಾಲದಲ್ಲಿ ಬಾನೆಟ್ ಒಳಗೆ ಬೆಚ್ಚಗೆ ಸೇರಿಕೊಂಡು ವೈರ್ ಕಡಿಯುತ್ತವೆ. ಬಾನೆಟ್ ಎತ್ತಿ ಹಿಕ್ಕೆ, ಹುಲ್ಲು, ಅಡಿಕೆ ಸಿಪ್ಪೆ ಬಿದ್ದಿದೆಯಾ ನೋಡಿ.

ಇದೆಲ್ಲದರ ಜೊತೆ ಹಾರ್ನ್ ಒತ್ತಿ ನೋಡಿ. ಸ್ಟೇರಿಂಗ್ ಮೇಲಿನ ವಾಲ್ಯೂಮ್ ಬಟನ್ ಒತ್ತಿ ನೋಡಿ. ಏರ್‌ಬ್ಯಾಗ್ ಲೈಟ್ ಹತ್ತಿದ ಹೊತ್ತಿಗೇ ಹಾರ್ನ್ ಸತ್ತಿದ್ದರೆ, ಇಲ್ಲವೇ ಸ್ಟೇರಿಂಗ್ ತಿರುಗಿಸಿದಾಗ ಬಂದು ಹೋಗಿ ಆಗುತ್ತಿದ್ದರೆ, ಹೆಚ್ಚಾಗಿ ಅದು ಕ್ಲಾಕ್ ಸ್ಪ್ರಿಂಗ್. ಸ್ಟೇರಿಂಗ್ ಚಕ್ರದ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಚಕ್ಕುಲಿಯಂತೆ ಸುತ್ತಿದ ಚಪ್ಪಟೆ ಕೇಬಲ್. ಚಕ್ರ ಎಷ್ಟು ತಿರುಗಿದರೂ ಡ್ರೈವರ್ ಏರ್‌ಬ್ಯಾಗಿಗೆ ಕರೆಂಟ್ ತಪ್ಪದಂತೆ ನೋಡಿಕೊಳ್ಳುವುದು ಇದೇ. ವರ್ಷಗಳ ಮೇಲೆ ಕೇಬಲ್ ತುಂಡಾಗುತ್ತದೆ. ಏರ್‌ಬ್ಯಾಗ್ ಕೆಟ್ಟಿದೆ ಅಂತ ಬರುವ ಹಳೇ ಕಾರುಗಳಲ್ಲಿ ಇದು ತೀರಾ ಮಾಮೂಲಿ ದೋಷ. ಕಂಟ್ರೋಲ್ ಯೂನಿಟ್ ಬದಲಿಸಿದರೆ ಇದು ಸರಿಹೋಗುವುದಿಲ್ಲ.

ಸೀಟಿನ ಕೆಳಗೆ ಟಾರ್ಚ್ ಹಾಕಿ ಬರೀ ಕಣ್ಣಿನಿಂದ ನೋಡಿ. ಏರ್‌ಬ್ಯಾಗಿನ ಕನೆಕ್ಟರುಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣ. ಬೇರೆಯವರು ಸುಮ್ಮನೆ ಕೈಹಾಕದಿರಲಿ ಅಂತಲೇ ಆ ಬಣ್ಣ. ಸೀಟು ಹಿಂದೆ ಮುಂದೆ ಮಾಡುವಾಗ, ಕೆಳಗೆ ಛತ್ರಿ, ನೀರಿನ ಬಾಟಲಿ ತುರುಕಿದಾಗ ಅದು ಎಳೆದಂತಾಗುತ್ತದೆ. ಅಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ, ಮ್ಯಾಟ್ ಒದ್ದೆ ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ. ಮೆಕ್ಯಾನಿಕ್‌ಗೆ ತೋರಿಸಲು ಬೇಕು.

ಅಲ್ಲಿಗೆ ನಿಲ್ಲಿಸಿ. ಹಳದಿ ಕನೆಕ್ಟರ್ ಎಳೆಯಬೇಡಿ. ಮಲ್ಟಿಮೀಟರ್ ಹಿಡಿದು ಏರ್‌ಬ್ಯಾಗಿನ ರೆಸಿಸ್ಟೆನ್ಸ್ ಅಂತೂ ನೋಡಲೇಬೇಡಿ. ಮೀಟರಿನಿಂದ ಹೋಗುವ ಸಣ್ಣ ಕರೆಂಟಿಗೂ ಏರ್‌ಬ್ಯಾಗ್ ಸಿಡಿಯುವ ಅಪಾಯ ಇದೆ. ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದೊಳಗೆ ಪೂರ್ತಿ ಉಬ್ಬುವ ವಸ್ತು ಅದು. ಸ್ಟೇರಿಂಗ್ ಮೇಲೆ ಬಗ್ಗಿ ಕೆಲಸ ಮಾಡುವವರ ಮುಖ ಉಳಿಯುವುದಿಲ್ಲ. ಬ್ಯಾಟರಿಯ ನೆಗೆಟಿವ್ ಬಿಚ್ಚಿದರೂ ಒಳಗಿನ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಎಷ್ಟು ಹೊತ್ತು ಕಾಯಬೇಕು ಅಂತ ಆಯಾ ಕಂಪನಿಯ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಕೆಲಸ ಗೊತ್ತಿರುವ ಮೆಕ್ಯಾನಿಕ್ ಅಷ್ಟು ಹೊತ್ತು ಕಾದೇ ಕಾಯುತ್ತಾನೆ. ಕಾಯದವನ ಕೈಗೆ ಗಾಡಿ ಕೊಡಬೇಡಿ.

ರಿಪೇರಿ ಆಗುವ ತನಕ ಗಾಡಿ ಓಡಿಸಲೇಬೇಕಾದರೆ, ಮುಂದೆ ಹಿಂದೆ ಕೂತವರೆಲ್ಲ ಬೆಲ್ಟ್ ಹಾಕಲಿ. ಮಕ್ಕಳು ಹಿಂದಿನ ಸೀಟಿನಲ್ಲೇ ಇರಲಿ. ಬಂಪರಿಗೆ ಕಬ್ಬಿಣದ ಗಾರ್ಡ್ ಇದ್ದರೆ ತೆಗೆಸಿ. ಸೆನ್ಸರಿಗೆ ಡಿಕ್ಕಿ ಸರಿಯಾಗಿ ತಿಳಿಯದಂತೆ ಅದು ಮಾಡುತ್ತದೆ. ಹಾಕಿಸುವುದು ಕಾನೂನಿಗೂ ವಿರುದ್ಧ, ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಈ ಬಗ್ಗೆ ರಾಜ್ಯಗಳಿಗೆ ಬರೆದಿದೆ.

ಸ್ಕ್ಯಾನ್ ಮಾಡಿಸುವಾಗ

ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಇದಕ್ಕೆ ಸಾಲದು. ಅವುಗಳಲ್ಲಿ ಹೆಚ್ಚಿನವು ಎಂಜಿನ್ ಕೋಡ್ ಮಾತ್ರ ಓದುತ್ತವೆ. ಏರ್‌ಬ್ಯಾಗ್ ಸಿಸ್ಟಂ ಓದುವ ಸ್ಕ್ಯಾನರ್ ಬೇರೆ. ಏರ್‌ಬ್ಯಾಗ್ ಸಿಸ್ಟಂಗೆ ಎಸ್‌ಆರ್‌ಎಸ್ ಅಂತಲೂ ಹೆಸರು. ಫೋನ್ ಮಾಡಿಯೇ ಕೇಳಿ: "ನನ್ನ ಮಾಡೆಲಿನ ಎಸ್‌ಆರ್‌ಎಸ್ ಕೋಡ್ ಓದುವ ಮಷಿನ್ ಇದೆಯಾ?" ಇದೆ ಅಂದರೆ ಮಾತ್ರ ಹೋಗಿ.

ಹೋದ ಮೇಲೆ ಕೋಡ್ ಅಳಿಸುವ ಮುಂಚೆ ಸ್ಕ್ರೀನಿನ ಫೋಟೋ ತೆಗೆಯಿರಿ. ಇದನ್ನು ಬಿಡಲೇಬೇಡಿ. ಒಮ್ಮೆ ಅಳಿಸಿದರೆ ಸಾಕ್ಷಿ ಹೋಯಿತು. ಏರ್‌ಬ್ಯಾಗ್ ಕೋಡುಗಳು ಹೆಚ್ಚಾಗಿ ಬಿ ಅಕ್ಷರದಿಂದ ಶುರುವಾಗುತ್ತವೆ. ಪಕ್ಕದಲ್ಲಿ ಅದು ಈಗಿನ ದೋಷವೋ ಹಿಂದೆ ಬಂದು ಹೋದದ್ದೋ ಅಂತ ಇರುತ್ತದೆ. ಹಿಂದಿನದು ಮಾತ್ರ ಇದ್ದರೆ ಅಳಿಸಿ, ಕೆಲವು ದಿನ ಓಡಿಸಿ ನೋಡಬಹುದು. ಈಗಿನದು ಅಂತ ಇದ್ದರೆ ಅಳಿಸಿದ ಕ್ಷಣವೇ ವಾಪಸ್ ಬರುತ್ತದೆ.

ಕೋಡ್ ಯಾವ ಸರ್ಕ್ಯೂಟಿನಲ್ಲಿ ತೊಂದರೆ ಅಂತ ಹೇಳುತ್ತದೆ. ಯಾವ ಪಾರ್ಟ್ ಬದಲಿಸಬೇಕು ಅಂತ ಹೇಳುವುದಿಲ್ಲ. ಜನರ ದುಡ್ಡು ಹೋಗುವುದು ಇಲ್ಲೇ. "ಡ್ರೈವರ್ ಏರ್‌ಬ್ಯಾಗ್, ರೆಸಿಸ್ಟೆನ್ಸ್ ಜಾಸ್ತಿ" ಅಂತ ಬಂದರೆ ದೋಷ ಏರ್‌ಬ್ಯಾಗಿನಲ್ಲಿ ಇರಬಹುದು, ಕ್ಲಾಕ್ ಸ್ಪ್ರಿಂಗಿನಲ್ಲಿ, ಕನೆಕ್ಟರಿನಲ್ಲಿ, ವೈರಿನಲ್ಲಿ ಕೂಡ ಇರಬಹುದು. ಒಂದೊಂದಾಗಿ ನೋಡಿ ತಳ್ಳಿಹಾಕುತ್ತಾ ಬರಬೇಕು. ಅಷ್ಟು ತಾಳ್ಮೆ ಇಲ್ಲದವರು ಎಲ್ಲಕ್ಕಿಂತ ದುಬಾರಿ ಪಾರ್ಟಿನ ಹೆಸರು ಹೇಳುತ್ತಾರೆ.

ನಮ್ಮ ಗಾಡಿಯನ್ನು ಕೊನೆಗೆ ನೋಡಿದ್ದು ಇಲ್ಲಿನ ಆಟೋ ಎಲೆಕ್ಟ್ರಿಷಿಯನ್ ರಫೀಕಣ್ಣ. ಸ್ಕ್ಯಾನರಿನಲ್ಲಿ ಬಂದದ್ದು ಎಡಗಡೆ ಮುಂದಿನ ಸೀಟಿನ ಸೈಡ್ ಏರ್‌ಬ್ಯಾಗ್ ಸರ್ಕ್ಯೂಟ್. ಅವರು ಬ್ಯಾಟರಿ ಬಿಚ್ಚಿ, ಟೀ ಕುಡಿದು ಬಂದು, ಸೀಟನ್ನು ಹಿಂದಕ್ಕೆ ಮಲಗಿಸಿದರು. ಕೆಳಗಿನ ಮ್ಯಾಟ್ ಎತ್ತಿದರೆ ಅಡಿಯ ಸ್ಪಂಜು ನೀರು ಕುಡಿದು ಭಾರವಾಗಿತ್ತು. ಹಳದಿ ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿದಾಗ ಒಂದು ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಕಾಣಿಸಿತು, ಉಗುರಿನ ತುದಿಯಷ್ಟು. ಪಕ್ಕದ ಪಿನ್ ಹೊಳೆಯುತ್ತಿತ್ತು. ಅವರು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಸಣ್ಣ ಬ್ರಷ್ಷಿನಲ್ಲಿ ತಿಕ್ಕಿ, ಒಣಗಿಸಿ, ಟಕ್ ಅನ್ನುವ ತನಕ ಒತ್ತಿ ಲಾಕ್ ಮಾಡಿದರು. ಆಮೇಲೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ಬಾಗಿಲಿನ ರಬ್ಬರ್ ಬದಲಿಸಿದರು. ಕೋಡ್ ಅಳಿಸಿದರು. ಲೈಟ್ ಹೋಯಿತು. ಈ ಮಳೆಗಾಲದಲ್ಲೂ ಬಂದಿಲ್ಲ. ಕಂಟ್ರೋಲ್ ಯೂನಿಟ್ ಹಳೆಯದೇ.

ಆ ನೀರಿನ ದಾರಿ ಹುಡುಕಿದ್ದೇ ನಿಜವಾದ ರಿಪೇರಿ. ಪಿನ್ ಒರೆಸಿ ಕಳಿಸಿದ್ದರೆ ಮುಂದಿನ ಜೂನಿಗೆ ಮತ್ತೆ ಅದೇ ಕಥೆ.

ಹಾಗಾಗಿ ಎಸ್ಟಿಮೇಟ್ ಕೊಟ್ಟವರ ಹತ್ತಿರ ಬರಹದಲ್ಲಿ ಕೇಳಿ. ಕೋಡ್ ಯಾವುದು? ಈಗಿನದಾ, ಹಳೆಯದಾ? ಕನೆಕ್ಟರ್, ವೈರ್ ನೋಡಿದ್ದೀರಾ? ಈ ಪಾರ್ಟೇ ಕೆಟ್ಟಿದೆ ಅಂತ ಹೇಗೆ ಗೊತ್ತಾಯಿತು? ಬದಲಿಸಿದ ಮೇಲೂ ಲೈಟ್ ಬಂದರೆ ದುಡ್ಡು ವಾಪಸ್ ಕೊಡುತ್ತೀರಾ? ತೆಗೆದ ಹಳೇ ಪಾರ್ಟ್ ತೋರಿಸುತ್ತೀರಾ? ಇವನ್ನು ಜಗಳದ ದನಿಯಲ್ಲಿ ಕೇಳಬೇಕಿಲ್ಲ. ಕೆಲಸ ಬಲ್ಲವರು ಖುಷಿಯಿಂದಲೇ ಹೇಳುತ್ತಾರೆ.

ಏರ್‌ಬ್ಯಾಗ್ ಆಗಲಿ ಕಂಟ್ರೋಲ್ ಯೂನಿಟ್ ಆಗಲಿ ನಿಜವಾಗಿಯೂ ಬದಲಿಸಬೇಕಾಗಿ ಬಂದರೆ ಹೊಸತೇ ಹಾಕಿಸಿ. ಗುಜರಿಯದ್ದು ಬೇಡ. ನೀರಿಗೆ ಬಿದ್ದ ಗಾಡಿಯದ್ದೋ, ಆಕ್ಸಿಡೆಂಟ್ ಆದ ಗಾಡಿಯದ್ದೋ ಹೊರಗಿನಿಂದ ಗೊತ್ತಾಗುವುದಿಲ್ಲ. ಇನ್ನು ಏರ್‌ಬ್ಯಾಗ್ ಜಾಗಕ್ಕೆ ಒಂದು ಪುಟ್ಟ ರೆಸಿಸ್ಟರ್ ಸಿಕ್ಕಿಸಿ ಲೈಟ್ ಆರಿಸುವವರು ಇದ್ದಾರೆ. ಕಂಪ್ಯೂಟರಿಗೆ ಏರ್‌ಬ್ಯಾಗ್ ಇದೆ ಅಂತ ಕಾಣುತ್ತದೆ, ಡಿಕ್ಕಿಯಾದಾಗ ಏನೂ ಬರುವುದಿಲ್ಲ. "ಐನೂರು ಕೊಡಿ, ಲೈಟ್ ಆರಿಸ್ತೀನಿ" ಅಂದವರ ಅಂಗಡಿಯಿಂದ ಆಗಲೇ ಹೊರಗೆ ಬನ್ನಿ.

ದುಡ್ಡು ಕಟ್ಟುವ ಮುಂಚೆ

ಮೊದಲು ರೀಕಾಲ್ ನೋಡಿ, ಅಂದರೆ ದೋಷ ಇರುವ ಗಾಡಿಗಳನ್ನು ಕಂಪನಿಯೇ ವಾಪಸ್ ಕರೆಯುವುದು. ಆರ್‌ಸಿಯಲ್ಲಿರುವ 17 ಅಕ್ಷರ, ಅಂಕಿಗಳ ಚಾಸಿಸ್ ನಂಬರನ್ನು ಕಾರು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ನಿಮ್ಮ ಗಾಡಿ ಯಾವುದಾದರೂ ರೀಕಾಲಿನಲ್ಲಿ ಇದೆಯಾ ಗೊತ್ತಾಗುತ್ತದೆ. ಇದ್ದರೆ ರಿಪೇರಿ ಉಚಿತ. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ಕಂಟ್ರೋಲರ್ ಪರೀಕ್ಷೆಗೆ 17,362 ಗಾಡಿಗಳನ್ನು ವಾಪಸ್ ಕರೆದಿತ್ತು. ಆಲ್ಟೊ ಕೆ10, ಬಲೆನೊ, ಬ್ರೆಝಾ, ಈಕೊ ಎಲ್ಲ ಅದರಲ್ಲಿದ್ದವು. ತಕಾಟಾ ಕಂಪನಿಯ ಇನ್‌ಫ್ಲೇಟರ್ (ಏರ್‌ಬ್ಯಾಗ್ ಉಬ್ಬಿಸುವ ಭಾಗ) ಪ್ರಕರಣ ಇದಕ್ಕಿಂತ ಎಷ್ಟೋ ದೊಡ್ಡದು. ಅದರಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ, ತೇವ ಹಿಡಿದು ಹಾಳಾಗಿ, ಏರ್‌ಬ್ಯಾಗ್ ಓಪನ್ ಆಗುವಾಗ ಲೋಹದ ಚೂರುಗಳು ಸಿಡಿಯುತ್ತಿದ್ದವು. ಹೋಂಡಾ, ಟೊಯೋಟಾ ಸೇರಿ ಹಲವು ಕಂಪನಿಗಳು ಭಾರತದಲ್ಲೂ ಗಾಡಿ ವಾಪಸ್ ಕರೆದವು. ಆ ದೋಷಕ್ಕೆ ಲೈಟ್ ಹತ್ತುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆ ಹಳೇ ಕಾರು ಇಟ್ಟುಕೊಂಡವರು ಲೈಟ್ ಇರಲಿ ಬಿಡಲಿ, ಚಾಸಿಸ್ ನಂಬರ್ ಹಾಕಿ ನೋಡಲೇಬೇಕು.

ಆಮೇಲೆ ವಾರಂಟಿ. ಎಕ್ಸ್‌ಟೆಂಡೆಡ್ ವಾರಂಟಿ ಕೊಂಡಿದ್ದರೆ ಪುಸ್ತಕದ ಸಣ್ಣಕ್ಷರ ಓದಿ. ಇನ್ಶೂರೆನ್ಸ್ ಇಂಥ ಎಲೆಕ್ಟ್ರಿಕಲ್ ದೋಷಕ್ಕೆ ಬರುವುದಿಲ್ಲ. ಆಕ್ಸಿಡೆಂಟಿನಲ್ಲಿ ಏರ್‌ಬ್ಯಾಗ್ ಓಪನ್ ಆದರೆ ಬರುತ್ತದೆ, ಆದರೆ ಸಾಮಾನ್ಯ ಪಾಲಿಸಿಯಲ್ಲಿ ಏರ್‌ಬ್ಯಾಗಿಗೆ 50% ಸವಕಳಿ ಕಳೆಯುತ್ತಾರೆ. ಆರು ಏರ್‌ಬ್ಯಾಗಿನ ಗಾಡಿಯಾದರೆ ಆ ಅರ್ಧವೇ ದೊಡ್ಡ ಮೊತ್ತ. ಝೀರೋ ಡೆಪ್ ಇದ್ದರೆ ಈ ಕಡಿತ ತಪ್ಪುತ್ತದೆ.

ಮಾತಿಗೆ ಬಗ್ಗದಿದ್ದರೆ

ಸರ್ವಿಸ್ ಸೆಂಟರಿನ ಮ್ಯಾನೇಜರಿಗೆ ಇಮೇಲ್ ಹಾಕಿ, ಕಂಪನಿಯ ಗ್ರಾಹಕ ವಿಭಾಗಕ್ಕೂ ಕಳಿಸಿ. ಜಾಬ್ ಕಾರ್ಡ್, ಎಸ್ಟಿಮೇಟ್, ಸ್ಕ್ಯಾನ್ ಫೋಟೋ ಜೊತೆಗಿರಲಿ. ಫೋನಿನಲ್ಲಿ ಆದ ಮಾತನ್ನೂ ಮೇಲ್ ಮಾಡಿ ದಾಖಲೆ ಮಾಡಿಕೊಳ್ಳಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು.

"ಏರ್‌ಬ್ಯಾಗ್ ವಿಷಯ ನಿಮಗೆ ಅರ್ಥ ಆಗಲ್ಲ" ಅಂತ ಯಾರಾದರೂ ಬಾಯಿ ಮುಚ್ಚಿಸಲು ಬಂದರೆ 2022ರ ಏಪ್ರಿಲಿನ ಸುಪ್ರೀಂ ಕೋರ್ಟ್ ತೀರ್ಪು ನೆನಪಿರಲಿ. ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ ಹ್ಯುಂಡೈ ಕ್ರೆಟಾ ಅಪಘಾತಕ್ಕೆ ಸಿಕ್ಕಿ ಏರ್‌ಬ್ಯಾಗ್ ಓಪನ್ ಆಗಿರಲಿಲ್ಲ. ಡಿಕ್ಕಿಯ ವೇಗ, ಬಲದ ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರ ಪಂಡಿತನಾಗಿರಬೇಕಿಲ್ಲ ಎಂದ ಕೋರ್ಟ್, ಮಾಲೀಕರಿಗೆ ಗ್ರಾಹಕ ಆಯೋಗ ಕೊಡಿಸಿದ ಪರಿಹಾರವನ್ನು ಎತ್ತಿಹಿಡಿಯಿತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಿಂದ. ಪಕ್ಕದ ಸೀಟಿನದ್ದು ಹೊಸ ಮಾಡೆಲ್‌ಗಳಿಗೆ 2021ರ ಏಪ್ರಿಲಿನಿಂದ, ಆಗಲೇ ಮಾರುಕಟ್ಟೆಯಲ್ಲಿದ್ದ ಮಾಡೆಲ್‌ಗಳಿಗೆ ಆ ವರ್ಷದ ಕೊನೆಯ ಗಡುವು. ಅದಕ್ಕಿಂತ ಹಳೇ ಗಾಡಿಯ ಬೇಸ್ ಮಾಡೆಲಿನಲ್ಲಿ ಏರ್‌ಬ್ಯಾಗೇ ಇಲ್ಲದಿರಬಹುದು, ಆಗ ಲೈಟೂ ಬರುವುದಿಲ್ಲ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ನೋಡಿ. ಲೈಟ್ ಬರಬೇಕು, ತಾನಾಗೇ ಹೋಗಬೇಕು. ಬರಲೇ ಇಲ್ಲ ಅಂದರೆ ಆ ಲೈಟನ್ನೇ ಕಿತ್ತಿರಬಹುದು. ಎಂಜಿನ್ ಸ್ಟಾರ್ಟ್ ಆಗುವ ತನಕ ಆರದೆ, ಆಯಿಲ್ ಲೈಟ್ ಅಥವಾ ಬ್ಯಾಟರಿ ಲೈಟಿನ ಜೊತೆಗೇ ಆರಿದರೆ ಏರ್‌ಬ್ಯಾಗ್ ಲೈಟನ್ನು ಆ ಲೈಟಿನ ವೈರಿಗೆ ಸೇರಿಸಿರುವ ಅನುಮಾನ. ಸ್ಟೇರಿಂಗ್ ಮಧ್ಯದ ಮುಚ್ಚಳದ ಬಣ್ಣ, ಡ್ಯಾಶ್‌ಬೋರ್ಡಿನ ಬಣ್ಣ ಹೊಂದದಿದ್ದರೆ ಏರ್‌ಬ್ಯಾಗ್ ಒಮ್ಮೆ ಓಪನ್ ಆಗಿರುವ ಸಾಧ್ಯತೆ ಇದೆ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಚೀಟಿ ಇದ್ದು ಮೇಲೆ ದಪ್ಪ ಕವರ್ ಹೊಲಿಸಿದ್ದರೆ ಅದನ್ನು ತೆಗೆಸಬೇಕು. ಇಷ್ಟೆಲ್ಲ ಸರಿ ಕಂಡರೂ ಅಡ್ವಾನ್ಸ್ ಕೊಡುವ ಮುಂಚೆ ಎಸ್‌ಆರ್‌ಎಸ್ ಸ್ಕ್ಯಾನ್ ಒಂದು ಮಾಡಿಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಬೇರೆ ಗಾಡಿ ನೋಡಿ.