ಹತ್ತೂವರೆ ಗಂಟೆಯ ಸೇವಂತಿಗೆ

ನನ್ನ ಹಾಗೆ ಮಂಟಪದ ಅಲಂಕಾರ ಮಾಡುವವರಿಗೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಬೆಳಗಿನ ಜಾವ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಚೌಕಾಸಿ ಬಗ್ಗೆ ಓದಿದ್ದನ್ನು ಅಲ್ಲಿನ ಹೂವಿನವರ ಹತ್ತಿರ ಪ್ರಯೋಗ ಮಾಡಿ ನೋಡಿದೆ. 'ಚೌಕಾಸಿ ಮಾಡೋಕೂ ಓದ್ಕೊಂಡು ಬರ್ತಾನೆ' ಅಂತ ಜೊತೆಯವರು ನಕ್ಕಿದ್ದರು. ಈಗ ಅವರೇ 'ನೀನು ಎಷ್ಟು ಹೊತ್ತಿಗೆ ಹೋಗ್ತೀಯ?' ಅಂತ ಫೋನ್ ಮಾಡುತ್ತಾರೆ.

ಮೊದಲು ನೆಚ್ಚಿಕೊಂಡಿದ್ದು ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1974ರಲ್ಲಿ ಬರೆದ ಆಂಕರಿಂಗ್. ಮೊದಲು ಕಿವಿಗೆ ಬಿದ್ದ ಸಂಖ್ಯೆಯೇ ಲೆಕ್ಕವನ್ನು ತನ್ನ ಕಡೆ ಎಳೆಯುತ್ತದಂತೆ. ಕೆಜಿಗೆ 120 ಓಡುತ್ತಿದ್ದ ಸೇವಂತಿಗೆಗೆ, ಹೂ ಮಾರುವ ಆಯಮ್ಮ ಬಾಯಿ ತೆರೆಯುವ ಮೊದಲೇ 40 ಅಂದೆ. ಅವರು ನನ್ನ ಮುಖ ಕೂಡ ನೋಡಲಿಲ್ಲ. "ಬೋಣಿ ಟೈಮಲ್ಲಿ ಹಿಂಗೆಲ್ಲಾ ಕೇಳ್ಬೇಡಣ್ಣ, ಮುಂದಕ್ಕೆ ಹೋಗು." ಆಮೇಲೆ ಒಂದು ವಾರ ಆ ಸಾಲಿನಲ್ಲಿ ನನಗೆ ಒಳ್ಳೆ ಮಾಲೇ ಸಿಗಲಿಲ್ಲ.

ಕೈ ಹಿಡಿದದ್ದು ಅರ್ಥಶಾಸ್ತ್ರಜ್ಞ ರೂಬಿನ್‌ಸ್ಟೈನ್ 1982ರಲ್ಲಿ ಬಿಡಿಸಿದ ಚೌಕಾಸಿಯ ಲೆಕ್ಕ. ಗಣಿತ ಬಿಡಿ, ಕಾಯಲು ಆಗದವನು ಜಾಸ್ತಿ ಬಿಟ್ಟುಕೊಡುತ್ತಾನೆ ಅನ್ನೋದಷ್ಟೇ ನನಗೆ ಬೇಕಿದ್ದದ್ದು. ಹೂವು ಕಾಯುತ್ತಾ? ಆರು ಗಂಟೆಗೆ 120 ಇದ್ದದ್ದು ಹತ್ತೂವರೆಗೆ 70ರ ಹತ್ತಿರ ಬಂತು. ನಾನು ಗಡಿಯಾರ ನೋಡಲ್ಲ, ಅವರ ಕೈ ನೋಡುತ್ತೇನೆ. ಒದ್ದೆ ಗೋಣಿ ಸರಿಸಿ ಪದೇಪದೇ ನೀರು ಚಿಮುಕಿಸೋಕೆ ಶುರು ಮಾಡಿದರೆ ಹೋಗಿ ನಿಲ್ಲಬೇಕು. ನಿಂತ ಮೇಲೆ ಏನು ಮಾತಾಡಬೇಕು ಅನ್ನೋದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ.

ಆ ನೀರಿಗೂ ದುಡ್ಡು ಕೊಟ್ಟಿದ್ದೇನೆ ಅನ್ನಿ. 70ರ ಖುಷಿಯಲ್ಲಿ 15 ಕೆಜಿ ತಂದು ಹರಡಿದೆ. ಸಂಜೆ ತೂಗಿದರೆ 13 ಚಿಲ್ಲರೆ. ಈಗ ತಳದಿಂದ ಎರಡು ಹಿಡಿ ಎತ್ತಿ, ಕೊಡವಿ ನೋಡಿ, ಆಮೇಲೆ ರೇಟು.

ದೊಡ್ಡ ಪೆಟ್ಟು ಬಿದ್ದದ್ದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಕನಕಾಂಬರ ಇಳಿಯುತ್ತೆ ಅಂತ ಟೀ ಕುಡಿಯುತ್ತಾ ಕೂತೆ. ಗಂಟೆಗೊಂದು ಸಲ ಏರಿತು, ಮಧ್ಯಾಹ್ನಕ್ಕೆ ಬುಟ್ಟಿಯೇ ಖಾಲಿ. ಅವತ್ತು ಕಾಯಲು ಆಗದವನು ನಾನೇ ಅಲ್ವಾ! ಪಾರ್ಟಿಗೆ ಮುಂಗಡ ವಾಪಸ್ ಕೊಟ್ಟೆ. ನಾಲ್ಕು ಸಾವಿರದಷ್ಟು ಕೈಬಿಟ್ಟಿತು.

ಸುಮ್ನೆ ಇರಲಿ ಅಂತ ಅವೆನ್ಯೂ ರೋಡಿನ ಹಳೇ ಪುಸ್ತಕದವರ ಹತ್ತಿರವೂ ಇದೇ ಆಟ ಆಡಿದೆ. ಎರಡು ಗಂಟೆ ಸುತ್ತಾಡಿ ಬಂದರೂ ಒಂದು ರೂಪಾಯಿ ಇಳಿಸಲಿಲ್ಲ. "ಇವತ್ತಲ್ದಿದ್ರೆ ಮುಂದಿನ ವರ್ಷ ಹೋಗುತ್ತೆ ಬಿಡಿ ಸಾರ್." ಪುಸ್ತಕ ಬಾಡಲ್ಲವಲ್ಲ.

ಸಂಜೆ ರಿಸೆಪ್ಷನ್ ಇರುವ ಆರ್ಡರ್‌ಗಳಿಗೆ ಮಾತ್ರ ಈಗ ಹೀಗೆ ಹೋಗುತ್ತೇನೆ. ಕಳೆದ ಸೀಸನ್ನಿನಲ್ಲಿ ಹೂವಿನ ಖರ್ಚಿನಲ್ಲೇ ಮೂವತ್ತು ಸಾವಿರದ ಹತ್ತಿರ ಉಳಿಯಿತು. ಆಯಮ್ಮನಿಗೂ ನನ್ನ ಗುಟ್ಟು ಅರ್ಧ ಗೊತ್ತಾಗಿದೆ. ಮೊನ್ನೆ ನಾನು ಮೆಟ್ಟಿಲು ಇಳಿಯುತ್ತಿದ್ದ ಹಾಗೇ ಮಗನಿಗೆ ಕೂಗಿದರು: "ಹತ್ತೂವರೆ ಅಣ್ಣ ಬಂದ, ನೀರಿನ ಬಕೆಟ್ ಆಚೆ ಇಡೋ!"