ಕನ್ನಡವನ್ನು ಹೊರಗೆ ನಿಲ್ಲಿಸದೆ ಇಂಗ್ಲಿಷ್ ಕಲಿಸುವ ಬಗೆ

ಇಂಗ್ಲಿಷ್ ಪಿರಿಯಡ್‌ನಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಚಾಮರಾಜನಗರ ಜಿಲ್ಲೆಯ ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಇಂಗ್ಲಿಷ್ ಕಲಿಸುವವಳು ನಾನು. 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಆದರೂ ನನ್ನ ಬಳಿ ಬರುವ ಎಷ್ಟೋ ಮಕ್ಕಳು ಒಂದು ಸಾಲು ಓದಲು ಒದ್ದಾಡುತ್ತಾರೆ. ಅವರ ಕೈಗೆ ಕನ್ನಡ ದಿನಪತ್ರಿಕೆ ಕೊಡಿ, ತಡವರಿಸದೆ ಓದುತ್ತಾರೆ. ಓದುವುದು ಅವರಿಗೆ ಗೊತ್ತಿದೆ. ಪಾಠ ಅಲ್ಲಿಂದಲೇ ಹೊರಡಬೇಕು.

ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಧ್ವನಿ. ಇಂಗ್ಲಿಷಿನಲ್ಲಿ 26 ಅಕ್ಷರಗಳು ಸುಮಾರು 44 ಧ್ವನಿಗಳ ಭಾರ ಹೊರುತ್ತವೆ. ‘ಸಿ, ಎ, ಟಿ’ ಎಂದು ನೂರು ಸಲ ಹೇಳಿಸಿದರೂ ಮಗುವಿಗೆ ‘ಕ್ಯಾಟ್’ ಕೇಳಿಸುವುದಿಲ್ಲ. ಆದ್ದರಿಂದ ಹೆಸರನ್ನು ಬದಿಗಿಟ್ಟು ‘ಕ್, ಆ್ಯ, ಟ್’ ಎಂದು ಧ್ವನಿ ಕೂಡಿಸಿ ಓದಿಸಿ. ಆಮೇಲೆ ಮೊದಲ ಅಕ್ಷರವನ್ನಷ್ಟೇ ಬದಲಿಸಿ: ಬ್ಯಾಟ್, ಮ್ಯಾಟ್, ಹ್ಯಾಟ್. ಇದು ಕೈಗೆ ಬಂದ ಮೇಲೆ ಕೊನೆಯಲ್ಲಿ ಸುಮ್ಮನಿರುವ ‘ಇ’ ಅಕ್ಷರ ಸೇರಿಸಿ, ‘ಕಿಟ್’ ‘ಕೈಟ್’ ಆಗುವುದನ್ನು ಕರಿಹಲಗೆಯ ಮೇಲೆ ತೋರಿಸಿ. ಹೊಸ ಪಾಠ ತೆಗೆಯುವ ಮುನ್ನ ಅದರ ಕಥೆಯನ್ನು ಎರಡು ನಿಮಿಷ ಕನ್ನಡದಲ್ಲೇ ಹೇಳಿಬಿಡಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತದೆ; ಮೊದಲು ಕನ್ನಡದ್ದು, ನಂತರ ಇಂಗ್ಲಿಷಿನದು. ಓದಲು ಹೆದರುವ ಮಗುವನ್ನು ಮಾತ್ರ ಎಲ್ಲರ ಮುಂದೆ ನಿಲ್ಲಿಸಿ ಹೊಸ ಪುಟ ಓದಿಸಬೇಡಿ. ಪಕ್ಕದವರೊಂದಿಗೆ ಜೋಡಿಯಾಗಿ ಓದಲಿ.

ವ್ಯಾಕರಣಕ್ಕೆ ನಾನು ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ನಮ್ಮ ಮಕ್ಕಳ ತಪ್ಪುಗಳಿಗೆ ಕಾರಣವಿರುತ್ತದೆ. ‘ಐ ಎಸ್ಟರ್‌ಡೇ ಮಾರ್ಕೆಟ್ ಗೋ’ ಎಂದು ಹುಡುಗನೊಬ್ಬ ಬರೆದ. ‘ನಾನು ನಿನ್ನೆ ಸಂತೆಗೆ ಹೋದೆ’ ಎಂಬುದರ ಪಕ್ಕದಲ್ಲಿಟ್ಟು ನೋಡಿ, ಪದಗಳ ಸಾಲು ಹಾಗೇ ಇದೆ. ಆ ನಾಲ್ಕು ಪದಗಳನ್ನು ನಾಲ್ಕು ಚೀಟಿಗಳಲ್ಲಿ ಬರೆದು ನಾಲ್ವರು ಮಕ್ಕಳ ಕೈಗೆ ಕೊಟ್ಟು ನಿಲ್ಲಿಸಿ. ‘ಹೋದೆ’ ಹಿಡಿದವಳು ‘ನಾನು’ವಿನ ಪಕ್ಕಕ್ಕೆ ಓಡಿ ಬರಬೇಕು, ‘ನಿನ್ನೆ’ ಕೊನೆಗೆ ಹೋಗಬೇಕು. ಈಗ ‘ಸಂತೆಗೆ’ ಚೀಟಿಯನ್ನು ಹರಿಯಿರಿ. ‘ಗೆ’ ತುಂಡು ‘ಸಂತೆ’ಯ ಹಿಂದಿನಿಂದ ಮುಂದಕ್ಕೆ ಬಂದು ‘ಟು’ ಆಗುತ್ತದೆ. ‘ಊರಿನಿಂದ’, ‘ಮನೆಯಲ್ಲಿ’ ಎಂದು ಚೀಟಿ ಹರಿಯುತ್ತಾ ಹೋದರೆ ಫ್ರಮ್, ಇನ್ ತಾವಾಗಿಯೇ ಹೊರಬರುತ್ತವೆ. ‘ಚಾಕುವಿನಿಂದ’ ಬಂದಾಗ ಸ್ವಲ್ಪ ನಿಲ್ಲಿ. ಅದೇ ‘ಇಂದ’ ಇಲ್ಲಿ ‘ವಿತ್’ ಆಗುತ್ತದೆ.

‘ಎ’ ಮತ್ತು ‘ದ’ ಕಲಿಸಲು ಅಜ್ಜಿಕಥೆಯ ಆರಂಭವೇ ಸಾಕು. ‘ಒಂದೂರಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ...’ ಮೊದಲ ಸಲ ‘ಎ ಕಿಂಗ್’, ಪರಿಚಯವಾದ ಮೇಲೆ ‘ದ ಕಿಂಗ್’. ‘ಹಿ ಗೋ’ ಎಂದು ಬರೆದವನಿಗೆ ‘ಅವನು ಹೋಗುತ್ತೇನೆ’ ಎಂದು ಹೇಳಿ ನೋಡಿ. ತರಗತಿಯೇ ನಗುತ್ತದೆ. ಇಂಗ್ಲಿಷ್ ಬಲ್ಲವರ ಕಿವಿಗೆ ‘ಹಿ ಗೋ’ ಹಾಗೆಯೇ ಕೇಳಿಸುತ್ತದೆ ಎಂದರೆ, ‘ಗೋಸ್’ ಯಾಕೆ ಬೇಕೆಂದು ಮತ್ತೆ ವಿವರಿಸಬೇಕಾಗಿಲ್ಲ. ‘ಅವಳು ನನ್ನ ಅಕ್ಕ’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದವೇ ಬೇಡ. ‘ಈಸ್’ ಬಿಟ್ಟುಹೋಗುವುದು ಅದಕ್ಕೇ. ಬೈಯುವ ಮುನ್ನ ಇದನ್ನು ನೆನಪಿಡಿ.

ಬರವಣಿಗೆಯಲ್ಲಿ ನನಗೆ ನಿಜವಾಗಿ ನೋವು ಕೊಡುವುದು ಗೈಡ್ ನೋಡಿ ಬಾಯಿಪಾಠ ಮಾಡಿದ ರಜಾ ಅರ್ಜಿ. ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್’ ಎಂದು ಎಲ್ಲರೂ ಬರೆಯುತ್ತಾರೆ, ಅಕ್ಕನ ಮದುವೆಗೆ ರಜೆ ಬೇಕಾದರೂ ಜ್ವರವೇ. ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕಗಳ ಪತ್ರಿಕೆ ಎದುರಿಸಬೇಕು ನಿಜ, ಆದರೆ ಪತ್ರದ ಚೌಕಟ್ಟನ್ನು ಹತ್ತನೆಯ ತರಗತಿಯಲ್ಲೂ ಕಲಿಯಬಹುದು. ಎಂಟರಲ್ಲಿ ದಿನಕ್ಕೆ ಮೂರು ಸ್ವಂತ ವಾಕ್ಯ ಬರೆಸಿ. ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಲಿ, ಆಮೇಲೆ ಬರೆಯಲಿ. ಇಂಗ್ಲಿಷ್ ಪದ ಹೊಳೆಯದಿದ್ದರೆ ಆ ಜಾಗದಲ್ಲಿ ಕನ್ನಡ ಪದವನ್ನೇ ಬರೆಯಲು ಬಿಡಿ.

ತಿದ್ದುವಾಗ ವಾರಕ್ಕೆ ಒಂದೇ ಬಗೆಯ ತಪ್ಪನ್ನು ಹಿಡಿಯಿರಿ. ಹುಡುಗಿಯೊಬ್ಬಳು ‘ಅವರ್ ಕಾಫ್ ನಾಟ್ ಈಟ್ ಹುಲ್ಲು’ ಎಂದು ಬರೆದು ತಂದಳು. ಕರು ಹುಲ್ಲು ಮುಟ್ಟಲಿಲ್ಲ ಎಂಬ ಅವಳ ಚಿಂತೆ ನನಗೆ ಪೂರ್ತಿ ಅರ್ಥವಾಗಿತ್ತು. ಮೊದಲು ಕರುವಿನ ಬಗ್ಗೆ ಕೇಳಿದೆ. ಬಳಿಕ ಪೆನ್ಸಿಲ್ಲಿನಲ್ಲಿ ‘ಡಿಡ್’ ಒಂದನ್ನು ಸೇರಿಸಿ, ಹುಲ್ಲಿನ ಮೇಲೆ ‘ಗ್ರಾಸ್’ ಎಂದು ಸಣ್ಣದಾಗಿ ಬರೆದು ಪುಸ್ತಕ ಹಿಂತಿರುಗಿಸಿದೆ. ಪಶುವೈದ್ಯರು ಬಂದು ಹೋದದ್ದನ್ನು ಮರುದಿನ ನಾನು ಕೇಳದೆಯೇ ಅವಳು ಬರೆದು ತಂದಳು.